ಕಾಳು ಕಚ್ಚುವ ಹಲ್ಲು

ಕಾಫಿ ಒಣಗಿದೆಯೋ ಇಲ್ಲವೋ ಎಂದು ನಮ್ಮ ಮನೆಯವರು ಹಲ್ಲಿನಲ್ಲೇ ನೋಡುವವರು. ಹಣ್ಣಿನ ತೊಗಟೆ ಕಳೆದು ತೊಳೆದ ಕಾಳಿಗೆ ಪಾರ್ಚ್‌ಮೆಂಟ್ ಎನ್ನುತ್ತೇವೆ; ಕಣದಲ್ಲಿ ಹರವಿದ ಅದರಿಂದ ಒಂದು ಹಿಡಿ ಎತ್ತಿ, ಅಂಗೈಯಲ್ಲಿ ಉಜ್ಜಿ, ಸಿಪ್ಪೆ ಊದಿ, ಒಂದು ಕಾಳನ್ನು ಬಲಗಡೆ ದವಡೆಯಲ್ಲಿಟ್ಟು ಕಚ್ಚುತ್ತಾರೆ. ಹಸಿ ಇದ್ದರೆ ಕಾಳಿನ ಮೇಲೆ ಹಲ್ಲಿನ ಗುರುತು ಕೂರುತ್ತದೆ, ಅಷ್ಟೆ. ಒಣಗಿದ್ದರೆ ಟಕ್ ಎಂದು ಮುರಿಯುತ್ತದೆ. ಟಕ್ ಎಂದ ದಿನ ಮೂಟೆ ಕಟ್ಟುವುದು. ಮದುವೆಯಾಗಿ ಬಂದಾಗಿನಿಂದ ಆಳುಗಳಿಗೆ ಕಾಫಿ ಕೊಡಲು ಕಣಕ್ಕೆ ಹೋದಾಗೆಲ್ಲ ನಾನು ಆ ಶಬ್ದ ಕೇಳಿಕೊಂಡು ಬಂದಿದ್ದೇನೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರು ಕಾಳನ್ನು ಬಾಯಿಗೆ ಹಾಕಿಕೊಂಡರು, ದವಡೆ ಆಡಿಸಿದರು, "ಆಗಿದೆ, ತುಂಬಿ" ಎಂದರು. ಶಬ್ದ ಬರಲಿಲ್ಲ.

ಹಲ್ಲುನೋವು ಎಂದು ನನಗೆ ಗೊತ್ತಿತ್ತು. ದೀಪಾವಳಿಯಿಂದಲೇ ಅಕ್ಕಿರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದರು. ಅಂಗಿ ಜೇಬಿನಲ್ಲಿ ಲವಂಗ ಇರುತ್ತಿತ್ತು. ಕೇಳಿದರೆ ಶೀತ ಎನ್ನುತ್ತಿದ್ದರು. ಆಳುಗಳ ಮುಂದೆ ಹೇಳುವುದು ಬೇಡವೆಂದು ಸಂಜೆ ಊಟಕ್ಕೆ ಕೂತಾಗ ಕೇಳಿದೆ.

"ಇವತ್ತು ಕಾಳು ಮುರೀಲಿಲ್ಲ ಅಲ್ವಾ?"

"ನಿಂಗೇನು ಗೊತ್ತು ಮಾರಾಯ್ತಿ. ಇಷ್ಟು ವರ್ಷದಿಂದ ನಾನು ನೋಡ್ತಿಲ್ವಾ?"

"ನಾನೂ ಅಷ್ಟೇ ವರ್ಷದಿಂದ ಕೇಳ್ತಿದ್ದೀನಿ."

ಅವರು ತಟ್ಟೆ ಸರಿಸಿ ಎದ್ದುಹೋದರು.

ಅವರು ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಹೋಗುವುದಿಲ್ಲ ಎನ್ನುವುದೂ ನನಗೆ ಗೊತ್ತು. ಸಣ್ಣ ಹುಡುಗನಾಗಿದ್ದಾಗ ದೊಡ್ಡ ಎಸ್ಟೇಟೊಂದರ ಕಂಪೌಂಡರ್ ಹತ್ತಿರ ಹಲ್ಲು ಕೀಳಿಸಲು ಕರೆದುಕೊಂಡು ಹೋಗಿದ್ದರಂತೆ. ಇಬ್ಬರು ಕೈ ಹಿಡಿದರು, ಒಬ್ಬ ತಲೆ ಹಿಡಿದ, ಅಪ್ಪನೇ ಕಾಲ ಮೇಲೆ ಕೂತರು. ಕಿತ್ತ ಮೇಲೆ ನೋಡಿದರೆ ಅದು ಹುಳುಕಿಲ್ಲದ ಹಲ್ಲು. ಹಿಡಿದವರು ಕೈ ಬಿಡಲೇ ಇಲ್ಲ, ಹಾಗೇ ಪಕ್ಕದ್ದನ್ನೂ ಕಿತ್ತರು. ಇದನ್ನು ಅವರು ನನಗೆ ಯಾವತ್ತೂ ಹೇಳಿದವರಲ್ಲ. ನಮ್ಮತ್ತೆ ಹೇಳಿದ್ದು, ನಗುತ್ತಾ. ಈಗಲೂ ಕ್ಷೌರದವನು ಗದ್ದ ಹಿಡಿದು ತಲೆ ತಿರುಗಿಸಿದರೆ ಇವರು ಕುರ್ಚಿಯ ಕೈ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ.

ವಾರ ಕಳೆದು ಗೋಡೌನ್ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬಂತು. ಮಗ ಶಶಿಧರ ಮೂಟೆಯೊಳಗೆ ಕೈ ಹಾಕಿದ, ಕಾಳು ಬೆಚ್ಚಗಿತ್ತು. ಅಷ್ಟೂ ಮೂಟೆ ಬಿಚ್ಚಿ ಮತ್ತೆ ಕಣಕ್ಕೆ ಸುರಿಯಬೇಕಾಯಿತು.

"ಒಣಗಿಸಿದ್ದನ್ನ ತುಂಬೋದು, ತುಂಬಿದ್ದನ್ನ ಒಣಗಿಸೋದು," ಎಂದಳು ಕಣದ ಕೆಲಸದ ಮರಿಯಮ್ಮ, ಕಾಳು ಎಳೆಯುತ್ತಾ. "ನಮಗೇನು ಗೌಡ್ರೇ, ಕೂಲಿ ಎರಡು ಸಲ."

ಶಶಿಧರ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ತೇವ ನೋಡೋ ಮೀಟರ್ ಬರುತ್ತೆ ಅಪ್ಪ, ತರಿಸ್ತೀನಿ ಬಿಡಿ. ಈ ವಯಸ್ಸಲ್ಲಿ ನಿಮಗ್ಯಾಕೆ ತೊಂದ್ರೆ," ಎಂದ, ಬಹಳ ಮೆತ್ತಗೆ.

ಅವರು ಕಣದ ಕಟ್ಟೆಯ ಮೇಲೆ ಕೂತು ಕೆನ್ನೆಗೆ ಕೈ ಕೊಟ್ಟುಕೊಂಡರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. "ಮೂಡಿಗೆರೆಗೆ ನೀನೂ ಬರ್ತೀಯಾ?" ಎಂದರು.

ಮೂಡಿಗೆರೆಯಲ್ಲಿ ಹಲ್ಲಿನ ಆಸ್ಪತ್ರೆ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಹತ್ತಿರ ಬಂದವರು ನಿಂತು, "ಗಿಡ ಸವರೋ ಕತ್ತರಿ ತಗೋಬೇಕಿತ್ತು" ಎಂದು ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋದರು. ಅಲ್ಲಿದ್ದ ಕತ್ತರಿಗಳನ್ನೆಲ್ಲ ತೆಗೆಸಿ, ತೆರೆದು ಮುಚ್ಚಿ, ಒಂದನ್ನು ಆರಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಮನೆಯಲ್ಲಿ ಅಂಥವು ಬೇಕಾದಷ್ಟು ಇದ್ದವು. ಅದನ್ನು ಹೇಳುವುದಕ್ಕೂ ನನಗೆ ಸಾಕಾಗಿತ್ತು.

ನಾಲ್ಕು ದಿನಕ್ಕೆ ಕೆನ್ನೆ ಊದಿತು. ಗಂಜಿಯೂ ಇಳಿಯದಾಯಿತು. ಮತ್ತೆ ಬಸ್ಸು, ಮತ್ತೆ ಅದೇ ಮೆಟ್ಟಿಲು. ಅವರ ಕಣ್ಣು ಎದುರಿನ ಅಂಗಡಿಗೆ ಹೋಯಿತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನನ್ನ ಮಂಡಿಗೆ ಈ ಓಡಾಟ ಇನ್ನಾಗಲ್ಲ. ನಾನು ಇಲ್ಲೇ ಕೂತಿರ್ತೀನಿ. ನೀವು ಕತ್ತರಿ ತಗೊಂಡು ಬನ್ನಿ."

ಅವರು ಅಂಗಡಿಯ ಕಡೆಯಿಂದ ಕಣ್ಣು ತೆಗೆದರು. ಆಮೇಲೆ ನನ್ನ ಪಕ್ಕದಿಂದಲೇ ಮೆಟ್ಟಿಲು ಹತ್ತಿದರು. ನಾನು ಕಂಬಿ ಹಿಡಿದು ಹಿಂದೆ ಹೋದೆ.

ಡಾಕ್ಟರು ಕೃತಿಕಾ ಅಂತ, ಚಿಕ್ಕ ಹುಡುಗಿ. ಕುರ್ಚಿ ಹಿಂದಕ್ಕೆ ಬಾಗಿದ ಕೂಡಲೇ ಇವರು ಎದ್ದು ಕೂತು ಬಾಗಿಲ ಕಡೆ ನೋಡಿದರು.

"ಏನು ಅಜ್ಜ?"

"ಹಿಡ್ಕೊಳ್ಳೋರು ಎಲ್ಲಿದ್ದಾರೆ?"

ಆ ಹುಡುಗಿ ನಗಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ನಂಬಿಕೆ ಬಂತು. "ಯಾರೂ ಹಿಡ್ಕೊಳ್ಳಲ್ಲ. ಸಾಕು ಅನ್ನಿಸಿದ್ರೆ ನೀವು ಎಡಗೈ ಎತ್ತಿ, ನಾನು ನಿಲ್ಲಿಸ್ತೀನಿ. ಯಾವ ಹಲ್ಲು ಅಂತ ಮೊದಲು ನೀವೇ ತೋರಿಸಿ. ಆಮೇಲೆ ಫೋಟೋ ತೆಗೆದು ನಾನೂ ನೋಡ್ತೀನಿ."

ಅವರು ಬೆರಳಿಟ್ಟು ತೋರಿಸಿದರು. ಫೋಟೋದಲ್ಲೂ ಅದೇ ಬಂತು.

ಅವಳು ಕನ್ನಡಿ ಬಾಯಿಗೆ ತಂದಳು, ಇವರು ಕೈ ಎತ್ತಿದರು. ಅವಳು ನಿಲ್ಲಿಸಿದಳು. ಸೂಜಿ ತಂದಳು, ಮತ್ತೆ ಎತ್ತಿದರು. ಸೂಜಿ ಕೆಳಗಿಟ್ಟು ಸುಮ್ಮನೆ ನಿಂತಳು. ಹೊರಗೆ ಜನ ಕಾಯುತ್ತಿದ್ದರು, ಆದರೂ ಅವಸರ ಮಾಡಲಿಲ್ಲ. ನಿಜವಾಗಿಯೂ ನಿಲ್ಲಿಸುತ್ತಾಳೋ ಎಂದು ಇವರು ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಮುಂದಿನ ಸಲ ಆ ಕೈ ಅರ್ಧ ಎದ್ದು, ತೊಡೆಯ ಮೇಲೆ ಇಳಿಯಿತು. ಆಮೇಲೆ ಏಳಲೇ ಇಲ್ಲ.

ಹಲ್ಲು ಕಿತ್ತ ಜಾಗದಲ್ಲಿ ಹತ್ತಿಯ ಉಂಡೆ ಕಚ್ಚಿಕೊಂಡು ಬಸ್ಸಿನಲ್ಲಿ ಕೂತವರು ನನ್ನ ಭುಜಕ್ಕೆ ತಲೆ ಇಟ್ಟು ಊರು ಬರುವವರೆಗೂ ನಿದ್ದೆ ಮಾಡಿದರು. ಭುಜ ಜೋಮು ಹಿಡಿಯಿತು. ಅಲುಗಾಡಿಸಲಿಲ್ಲ.

ಒಂದು ತಿಂಗಳು ಗಟ್ಟಿ ಏನೂ ಕಚ್ಚಬಾರದು ಎಂದು ಡಾಕ್ಟರು ಹೇಳಿದ್ದರು. ಕೊನೆಯ ಕೊಯ್ಲಿನ ಕಾಫಿ ಕಣದಲ್ಲಿತ್ತು, ಮೀಟರ್ ಇನ್ನೂ ಬಂದಿರಲಿಲ್ಲ. ಅವರು ಹಿಡಿ ಎತ್ತಿ, ಉಜ್ಜಿ, ಸಿಪ್ಪೆ ಊದಿ, ಕಾಳನ್ನು ತುಟಿಯವರೆಗೆ ತಂದು ನಿಲ್ಲಿಸಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

"ನೀನೇ ನೋಡು ರುಕ್ಮಿಣಿ. ಶಬ್ದ ನಿಂಗೆ ಗೊತ್ತಲ್ಲ."

ಕಚ್ಚಿದೆ. ಟಕ್ ಎಂದಿತು. ಅದರ ಹಿಂದೆಯೇ ಒಂದು ನೋವು ಕಿವಿಯವರೆಗೆ ಹೋಯಿತು. ಮುಖ ತಿರುಗಿಸಿಕೊಂಡೆ.

"ಯಾವ ಕಡೆ?" ಎಂದರು.

ಸುಳ್ಳು ಹೇಳಲು ತ್ರಾಣವಿರಲಿಲ್ಲ. "ಎಡಗಡೆ, ಹಿಂದೆ."

"ಯಾವಾಗಿಂದ?"

"ಸುಮಾರು ದಿನ ಆಯ್ತು."

ಅವರು ತಲೆಯಾಡಿಸಿದರು. "ಕೈ ಎತ್ತಿದ್ರೆ ಆ ಹುಡುಗಿ ನಿಲ್ಲಿಸ್ತಾಳೆ. ನಾನು ನೋಡಿದ್ದೀನಿ. ಬುಧವಾರ ಹೋಗೋಣ, ಅವತ್ತು ಜನ ಕಮ್ಮಿ ಇರ್ತಾರಂತೆ." ಹಾಗೆಂದು ಕಣದ ಕಡೆ ತಿರುಗಿ, ಗೋಣಿ ತರಲು ಮರಿಯಮ್ಮನಿಗೆ ಹೇಳಿದರು.