ರಸ್ತೆಯ ಆ ಬದಿಗೆ ಇಳಿಯುವ ಮಕ್ಕಳು

ಎದುರಿನ ಕಾಲೇಜಿನ ಗೇಟಿನ ಮುಂದೆ ಇನ್ನೊಂದು ವ್ಯಾನು ಬಂದು ನಿಂತಿತು. ಮತ್ತೆ ಪರದೇಶದ ಮಕ್ಕಳೇ. ಸೂಟ್‌ಕೇಸು ಇಳಿಸುತ್ತಿದ್ದವರ ನಡುವೆ ತನ್ನ ಒಡಹುಟ್ಟಿದ ತಂಗಿ ಲವಲವಿಕೆಯಿಂದ ಓಡಾಡುವುದನ್ನು ಈ ಬದಿಯ ಕಾಲೇಜಿನ ಕಿಟಕಿಯಿಂದ ಕಂಡು ಅಕ್ಕನ ಹೊಟ್ಟೆಗೆ ಬೆಂಕಿ ಬಿತ್ತು.

ಇಬ್ಬರದೂ ಒಂದೇ ಕೆಲಸ, ಹೊರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು. ಅಕ್ಕನದು ಕಲ್ಲುಕಂಬಗಳ ಹೆಸರುವಾಸಿ ಕಾಲೇಜು. ತಂಗಿಯದು ನಿನ್ನೆ ಮೊನ್ನೆ ಎದ್ದ, ಗೋಡೆ ಇನ್ನೂ ಬಣ್ಣ ಕಾಣದ ಕಟ್ಟಡ. "ಏನಮ್ಮಾ, ನಿಮ್ಮ ತಂಗಿ ಏನು ಮಾಟ ಮಾಡ್ತಾರೆ?" ಎಂದು ಪ್ರಿನ್ಸಿಪಾಲರು ಬೆಳಿಗ್ಗೆಯಷ್ಟೇ ನಕ್ಕಿದ್ದರು. ಆ ನಗು ಇನ್ನೂ ಚುಚ್ಚುತ್ತಿತ್ತು.

ಸಂಜೆ ತಡೆಯಲಾರದೆ ರಸ್ತೆ ದಾಟಿದಳು. ಹಾಸ್ಟೆಲಿನ ಕೋಣೆಯೊಂದರಲ್ಲಿ ತಂಗಿ, ಹೊಸದಾಗಿ ಬಂದ ಹುಡುಗಿಯ ಫೋನು ಹಿಡಿದು, ದೂರದೇಶದಲ್ಲಿದ್ದ ಅವಳ ತಾಯಿಗೆ ಬಾಗಿಲ ಚಿಲಕ ಹಾಕಿ ತೆಗೆದು ತೋರಿಸುತ್ತಿದ್ದಳು. "ಗಟ್ಟಿಯಾಗಿದೆ ನೋಡಿ. ಹೆದರ್ಬೇಡಿ."

"ಅಕ್ಕಾ," ಎಂದಳು ಹುಡುಗಿ, ಹೊಸದಾಗಿ ಕಲಿತ ಮಾತನ್ನು ತೊದಲುತ್ತಾ. ಅಕ್ಕ ಓಗೊಡುವಷ್ಟರಲ್ಲಿ ತಂಗಿಯೇ "ಏನೇ ಪುಟ್ಟಿ?" ಎಂದುಬಿಟ್ಟಳು. ಈ ತಂಗಿ ಹುಟ್ಟಿದಾಗಿನಿಂದ ತನ್ನದಾಗಿದ್ದ ಒಂದು ಪದ, ಅದನ್ನೂ ಕಸಿದುಕೊಂಡಳಲ್ಲ!

"ಇವಳು ನಮ್ಮಕ್ಕ. ಎದುರಿನ ದೊಡ್ಡ ಕಾಲೇಜಿನವಳು," ತಂಗಿ ಫೋನು ತಿರುಗಿಸಿದಳು. ತಾಯಿಯ ಮುಖ ಅರಳಿತು. ಅವರ ಕಿರಿಮಗಳಿಗೆ ಅಲ್ಲೇ ಓದುವ ಆಸೆಯಂತೆ. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಲೈಬ್ರರಿ, ಲ್ಯಾಬು ಎಲ್ಲ ಬಣ್ಣಿಸಿದಳು, ಕಣ್ಣಂಚಿನಲ್ಲಿ ತಂಗಿಯನ್ನೇ ನೋಡುತ್ತಾ.

"ರಜೆಯಲ್ಲಿ ಎಲ್ಲಿರ್ತಾಳೆ?" ಎಂದರು ತಾಯಿ.

ರಜೆ ಬಂದರೆ ಅಕ್ಕನ ಕಾಲೇಜಿನ ಹಾಸ್ಟೆಲಿಗೆ ಬೀಗ. ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. ಕೇಳದೆಯೇ ಎಲ್ಲರೂ ರಸ್ತೆ ದಾಟಿ ತಂಗಿಯ ಕಾಲೇಜಿಗೆ ಹೋಗಿರಬೇಕು.

"ನಮ್ಮಕ್ಕನ ಮನೇಲಿ," ಎಂದಳು ತಂಗಿ. "ಒಂದು ಕೋಣೆ ಖಾಲಿ ಇದೆ."

ಹೊರಗೆ ಬಂದದ್ದೇ ಅಕ್ಕ ಸಿಡಿದಳು. "ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ? ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ನೀನು, ಮನೆ ಬಿಟ್ಕೊಡೋಕೆ ನಾನು!"

"ಬೇಡ ಅಂದ್ರೆ ಬಿಡಕ್ಕಾ, ನನ್ನ ಮನೇಲೇ ಇರ್ಲಿ. ಪ್ರತಿ ರಜೆಗೂ ಮನೆ ತುಂಬ ಹುಡುಗೀರೇ. ಇನ್ನೊಬ್ಳು ಹೆಚ್ಚಾಗ್ತಾಳಾ?"

"ನಿನ್ನ ಮನೇಲಾ?" ಅಕ್ಕನ ದನಿ ಏರಿತು. "ನಮ್ಮ ಕಾಲೇಜಿನ ಹುಡುಗಿ ನಿನ್ನ ಮನೇಲಿ ಯಾಕಿರ್ಬೇಕು? ಏನೂ ಬೇಕಾಗಿಲ್ಲ!"

ತಂಗಿ ನಗು ತಡೆದುಕೊಂಡದ್ದನ್ನು ಅವಳು ನೋಡದಿರಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಆ ಕೋಣೆಗೆ ಹೋದಳು. ಮಂಚದ ಮೇಲೆ ಹಳೇ ಪರದೆಗಳು, ಕೆಟ್ಟ ಫ್ಯಾನು, ಒಡಕು ಬಕೆಟ್ಟು. ಗೊಣಗುತ್ತಲೇ ಒಂದೊಂದನ್ನೂ ಹೊರಗೆ ಹಾಕಿದಳು. ಬಣ್ಣ ಬಳಿದಾಗಿನಿಂದ ಕಿಟಕಿ ಚೌಕಟ್ಟಿಗೆ ಅಂಟಿಕೊಂಡಿತ್ತು. ಎರಡೂ ಅಂಗೈ ಊರಿ, ಹಲ್ಲು ಕಚ್ಚಿ ತಳ್ಳಿದಳು. ಕಿರ್ರೆಂದು ಬಾಯಿಬಿಟ್ಟ ಕಿಟಕಿಯಿಂದ ಸಂಜೆ ಬಿಸಿಲು ಬರಿಯ ಮಂಚದ ಮೇಲೆ ಬಂದು ಕುಳಿತಿತು.