ವಾಕ್ಯದ ಕೊನೆಯ ಪದ

"ಗದ್ದ ಎತ್ತು ಅಣ್ಣ" ಎಂದುಬಿಟ್ಟು ತಮ್ಮ ನಾಲಗೆ ಕಚ್ಚಿಕೊಂಡ. ದಿಂಬಿನಿಂದ ತಲೆ ಎತ್ತುವ ಶಕ್ತಿ ಅಣ್ಣನಿಗೆಲ್ಲಿತ್ತು. ತಾನೇ ಎರಡು ಬೆರಳನ್ನು ಗದ್ದದ ಕೆಳಗೆ ಕೊಟ್ಟು ಮೆಲ್ಲಗೆ ಎತ್ತಿ, ಸೋಪಿನ ನೊರೆ ಹಚ್ಚತೊಡಗಿದ. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿ ಒಂಬತ್ತು ದಿನವಾಗಿತ್ತು. ಊರಿನ ಅರ್ಧ ಜನರ ಗಡ್ಡ ತೆಗೆದವನ ಮುಖದ ಮೇಲೆ ಒಂಬತ್ತು ದಿನದ ಗಡ್ಡ.

"ಚಿನ್ ಅಪ್" ಎಂದು ಅಣ್ಣ ಗೊಣಗಿದ. ತುಟಿಯ ಒಂದು ಮೂಲೆ ನಕ್ಕಿತು.

ಅಣ್ಣತಮ್ಮಂದಿರ ಕಟಿಂಗ್ ಶಾಪಿನ ಎದುರಿಗೆ ದೊಡ್ಡ ಆಫೀಸು ಬಂದು, ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದ ಗಿರಾಕಿಗಳು ಶುರುವಾದಾಗ ತಮ್ಮನನ್ನು ಸಂಜೆ ಕ್ಲಾಸಿಗೆ ಎಳೆದುಕೊಂಡು ಹೋದವನು ಅಣ್ಣನೇ. ಐವತ್ತು ದಾಟಿದ ಇಬ್ಬರೂ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದರು. ಕಷ್ಟದಲ್ಲಿರುವವರಿಗೆ 'ಕೀಪ್ ಯುವರ್ ಚಿನ್ ಅಪ್' ಎನ್ನಬೇಕು, ಗದ್ದ ಮೇಲಿರಲಿ ಅಂದರೆ ಧೈರ್ಯ ಕಳೆದುಕೊಳ್ಳಬೇಡ ಅಂತ, ಎಂದು ಮೇಡಂ ಹೇಳಿದ ದಿನ ಅಣ್ಣ ಎದ್ದು ನಿಂತಿದ್ದ.

"ಮೇಡಂ, ಇದನ್ನ ನಾವು ದಿನಕ್ಕೆ ನಲವತ್ತು ಸಲ ಹೇಳ್ತೀವಿ. ಇಷ್ಟು ಜನಕ್ಕೆ ಧೈರ್ಯ ತುಂಬಿದೀವಿ ಅಂತ ಗೊತ್ತಾಗಿದ್ದು ಇವತ್ತೇ."

ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತ್ತು.

ತಮ್ಮ ಎಡವಿದ್ದು ಇನ್ನೊಂದು ವಾಕ್ಯದಲ್ಲಿ. 'ಐ ಕಾಂಟ್ ಥ್ಯಾಂಕ್ ಯೂ ಎನಫ್.' ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು ಎಂದರ್ಥವಂತೆ. ಅವನಿಗೆ ಗೊತ್ತಿದ್ದದ್ದು ಎನಫ್ ಎಂದರೆ ಸಾಕು ಅಂತ ಮಾತ್ರ.

"ಥ್ಯಾಂಕ್ಸ್ ಹೇಳೋಕಾಗಲ್ಲ, ಸಾಕು ನಡಿ ಅಂದ ಹಾಗಾಯ್ತಲ್ಲ ಅಣ್ಣ?"

"ನಿನ್ನ ತಲೆ" ಎಂದು ಅಣ್ಣ ಮನೆ ಮುಟ್ಟುವ ತನಕ ಹೇಳಿಕೊಟ್ಟ. ಆದರೂ ಬಾಯಿಪಾಠ ಒಪ್ಪಿಸುವಾಗ ಪ್ರತಿ ಸಲವೂ ಕೊನೆಯ ಪದ ಕೈಕೊಡುತ್ತಿತ್ತು. "ಅಷ್ಟಕ್ಕೇ ನಿಲ್ಲಿಸಿದ್ರೆ ಗಿರಾಕಿ ಎದ್ದು ಹೋಗ್ತಾನೆ ಕಣೋ" ಎಂದು ರೇಗಿಸಿ, ಆ ಪದವನ್ನು ಅಣ್ಣನೇ ಸೇರಿಸುತ್ತಿದ್ದ.

ಈಗ ತಮ್ಮನಿಗೆ ಆ ವಾಕ್ಯ ಬೇಕಾಗಿತ್ತು. ವಯಸ್ಸಿನ ಬಿಸಿಯಲ್ಲಿ ಅಣ್ಣನ ಮೇಲೆ ಕೂಗಾಡಿ, ಕತ್ತರಿ ಎಸೆದು ಮೂರು ವರ್ಷ ಊರು ಬಿಟ್ಟಿದ್ದವನು ಅವನು. ತಿರುಗಿ ಬಂದಾಗ ಅಂಗಡಿಯಲ್ಲಿ ಅವನು ಕ್ಷೌರ ಮಾಡುತ್ತಿದ್ದ ಎರಡನೇ ಕುರ್ಚಿ ಖಾಲಿಯೇ ಇತ್ತು. ಅದರ ಮೇಲೊಂದು ಟವೆಲ್ ಹಾಸಿ, ಮೂರು ವರ್ಷವೂ ಅಣ್ಣ ಯಾರನ್ನೂ ಕೂರಿಸಿರಲಿಲ್ಲ. ಬಾಗಿಲಲ್ಲಿ ನಿಂತ ತಮ್ಮನನ್ನು ಎಲ್ಲಿಗೆ ಹೋಗಿದ್ದೆ, ಯಾಕೆ ಬಂದೆ ಎಂದು ಒಂದು ಮಾತೂ ಕೇಳಲಿಲ್ಲ. "ಆ ಟವೆಲ್ ಧೂಳು ಹಿಡಿದಿದೆ, ಒಗೆದು ಹಾಕು" ಎಂದಿದ್ದ, ಅಷ್ಟೇ.

ಅದಕ್ಕೊಂದು ಮಾತು ಹೇಳದೆ ಇಪ್ಪತ್ತು ವರ್ಷ ಕಳೆದಿತ್ತು. ಒಡಹುಟ್ಟಿದವನಿಗೆ ಥ್ಯಾಂಕ್ಸ್ ಹೇಳಿದರೆ ಅವನನ್ನು ಹೊರಗಿನವನನ್ನಾಗಿ ಮಾಡಿದಂತೆ ಅನ್ನಿಸುತ್ತಿತ್ತು. ಇಂಗ್ಲಿಷಿನಲ್ಲಾದರೆ ನಾಚಿಕೆ ಒಂದಿಷ್ಟು ಕಡಿಮೆ. ಹೇಳದೆ ಉಳಿದರೆ ಮಾತ್ರ ತಾನು ಬದುಕಿರುವಷ್ಟು ದಿನ ಅದು ಎದೆಯಲ್ಲಿ ಚುಚ್ಚುತ್ತದೆಂದು ಅವನಿಗೆ ಗೊತ್ತಿತ್ತು.

ಎಡಗೆನ್ನೆ ಮುಗಿಯಿತು. ಅತ್ತಿಗೆ ಬಿಸಿನೀರು ಬದಲಾಯಿಸಿಟ್ಟು ಒಳಗೆ ಹೋದರು. ತಮ್ಮ ರೇಜರನ್ನು ನೀರಿನಲ್ಲಿ ಅದ್ದಿದ, ಒರೆಸಿದ, ಮತ್ತೆ ಅದ್ದಿದ.

"ಅಣ್ಣ, ಐ ಕಾಂಟ್ ಥ್ಯಾಂಕ್ ಯೂ..."

ಕೊನೆಯ ಪದ ಇವತ್ತು ನೆನಪಿತ್ತು. ಆದರೂ ಅದು ಹೊರಗೆ ಬರಲಿಲ್ಲ.

ಅಣ್ಣ ಕಣ್ಣು ತೆರೆಯಲಿಲ್ಲ. "ಎನಫ್" ಎಂದ.

ವಾಕ್ಯ ಮುಗಿಸಿಕೊಟ್ಟನೋ, ಕ್ಷೌರ ಸಾಕೆಂದನೋ ತಮ್ಮನಿಗೆ ತಿಳಿಯಲಿಲ್ಲ. "ಸಾಕಾ ಅಣ್ಣ? ಇನ್ನೊಂದು ಕಡೆ ಬಾಕಿ ಇದೆಯಲ್ಲ" ಎಂದು ಕೇಳಿದ. ಅಣ್ಣನ ಎದೆಯ ಮೇಲೆ ಹಾಸಿದ್ದ ಟವೆಲ್ ಏಳುವುದನ್ನು ಕಾದ. ಅದು ಏಳಲಿಲ್ಲ.

ಅತ್ತಿಗೆಯನ್ನು ಕರೆಯಬೇಕಿತ್ತು. ಬಲಗೆನ್ನೆಯ ನೊರೆ ಒಣಗತೊಡಗಿತ್ತು. ತಮ್ಮ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಹೊಸದಾಗಿ ನೊರೆ ಹಚ್ಚಿದ. ಎರಡು ಬೆರಳನ್ನು ಗದ್ದದ ಕೆಳಗೆ ಕೊಟ್ಟು ಎತ್ತಿ ಹಿಡಿದ.