ಸ್ಮಾಲ್ ಸೈಜಿನ ಮಾಸ್ಕು

ಟೈಲರಮ್ಮನ ದೊಡ್ಡ ಕತ್ತರಿ ಸೊಸೆಯ ಬೀರುವಿನಲ್ಲಿ ಸೆರೆಯಾಗಿತ್ತು. ಬೀಗದ ಕೈ ಸೊಸೆಯ ಕೈಚೀಲದಲ್ಲಿತ್ತು, ಕೈಚೀಲ ಸದಾ ಸೊಸೆಯ ಹೆಗಲಲ್ಲಿತ್ತು.

ತಪ್ಪು ಟೈಲರಮ್ಮನದೇ. ಹಾಡುಹಗಲು ಹನ್ನೊಂದು ಗಂಟೆಗೆ, ಬ್ಯಾಂಕ್ ಮ್ಯಾನೇಜರಮ್ಮನ ರೇಷ್ಮೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದ ಗೆರೆಗುಂಟ ಕತ್ತರಿ ಓಡಿಸುತ್ತಿದ್ದವಳಿಗೆ ತೂಕಡಿಕೆ ಬಂತು. ಕಣ್ಣು ಮುಚ್ಚಿತು, ಕೈ ನಿಲ್ಲಲಿಲ್ಲ. ಕಣ್ಣು ಬಿಟ್ಟಾಗ ತೋಳಿನ ತುಂಡು ಬೆನ್ನಿನವರೆಗೂ ಸೀಳಿಹೋಗಿತ್ತು, ಕತ್ತರಿಯ ಬಾಯಿ ಅವಳ ಎಡಗೈ ಹೆಬ್ಬೆರಳಿಗೆ ಕೂದಲೆಳೆಯಷ್ಟು ದೂರದಲ್ಲಿ ತೆರೆದುಕೊಂಡಿತ್ತು. ಅದೇ ಅಂಗಡಿಯಲ್ಲಿ ಗುಂಡಿ, ಕಾಜ ನೋಡಿಕೊಳ್ಳುವ ಸೊಸೆ ಎದ್ದು ಬಂದು ಕತ್ತರಿ ಎತ್ತಿಕೊಂಡು ಹೋದಳು.

ಆಮೇಲೆ ಡಾಕ್ಟರು, ಪರೀಕ್ಷೆ, ರಿಪೋರ್ಟು. ಹಗಲಿನ ತೂಕಡಿಕೆಗೆ ಕಾರಣ, ನಿದ್ದೆಯಲ್ಲಿ ಗಂಟೆಗೆ ಮೂವತ್ತೆಂಟು ಸಲ ಅವಳ ಉಸಿರು ನಿಲ್ಲುವುದಂತೆ. ಗೊರಕೆಯೂ ಜೋರಂತೆ. ಈ ಎರಡನೆಯದು ಅವಳಿಗೆ ಹೆಚ್ಚು ನೋವು ಕೊಟ್ಟಿತು. ಆ ಮನೆಯಲ್ಲಿ ಗೊರಕೆಯೆಂದರೆ ಗಂಡನದು ಎಂದು ಮೂವತ್ತು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ಅವಳೇ. ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಕೂತು, ತನ್ನದಲ್ಲದ ತಪ್ಪಿಗೆ ಬೈಸಿಕೊಳ್ಳುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಇದಕ್ಕೆ ಮದ್ದು ಒಂದು ಪುಟ್ಟ ಮೆಶೀನು. ಮೂಗಿಗೆ ಮಾಸ್ಕು ಹಾಕಿಕೊಂಡು ಮಲಗಿದರೆ ಅದು ರಾತ್ರಿಯಿಡೀ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಎಷ್ಟು ಹೊತ್ತು ಹಾಕಿಕೊಂಡಿರಿ ಎಂದು ಲೆಕ್ಕವನ್ನೂ ಇಡುತ್ತದೆ. ಇದನ್ನು ಕೇಳಿದ್ದೇ ಸೊಸೆ ಕಾನೂನು ಮಾಡಿದಳು.

"ಹತ್ತು ರಾತ್ರಿ, ರಾತ್ರಿಗೆ ನಾಲ್ಕು ಗಂಟೆಗೆ ಕಮ್ಮಿ ಇಲ್ದೆ ಹಾಕ್ಕೊಂಡು ಮಲಗಿದ್ದೀರಿ ಅಂತ ಮೆಶೀನು ಹೇಳ್ಲಿ ಅತ್ತೆ. ಅವತ್ತೇ ಕತ್ತರಿ ಕೊಡ್ತೀನಿ."

ಸೊಸೆಯ ಕಣ್ಣು ತನ್ನ ಕತ್ತರಿಯ ಮೇಲಲ್ಲ, ಕತ್ತರಿಸುವ ಮೇಜಿನ ಮೇಲೆಯೇ ಬಿದ್ದಿದೆ ಎಂದು ಟೈಲರಮ್ಮ ಅಂದುಕೊಂಡಳು. ಮೇಜು ಹೋದರೆ ತಾನು ಮೂಲೆಯಲ್ಲಿ ಕೂತು ಕಾಜ ಹೊಲಿಯಬೇಕು.

ಮಾಸ್ಕು ಮಾರುವ ಅಂಗಡಿಯ ಹುಡುಗಿ ಮೂರು ನಮೂನೆ ತೋರಿಸಿದಳು. ಮೂಗು ಬಾಯಿ ಎರಡನ್ನೂ ಮುಚ್ಚುವುದು, ಮೂಗನ್ನಷ್ಟೇ ಮುಚ್ಚುವುದು, ಹೊಳ್ಳೆಗೆ ಒರಗಿ ಕೂರುವ ಪುಟ್ಟ ದಿಂಬಿನಂಥದು. ಬಾಯಿ ಮುಚ್ಚುವುದು ಬೇಡ ಎಂದು ಟೈಲರಮ್ಮ ಮೊದಲೇ ಹೇಳಿಬಿಟ್ಟಳು. ಹೊಳ್ಳೆಯದು ಕಚಗುಳಿಯಿಟ್ಟಿತು. ಉಳಿದದ್ದು ನಡುವಿನದು. ಹುಡುಗಿ ಒಂದು ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಅವಳ ಮೂಗಿನ ಮೇಲಿಟ್ಟು ನೋಡಿ, ಮೀಡಿಯಂ ಎಂದಳು.

ಟೈಲರಮ್ಮನಿಗೆ ರೇಗಿತು. ಮೂವತ್ತು ವರ್ಷ ಊರಿನವರ ಅಳತೆ ತೆಗೆದವಳ ಅಳತೆಯನ್ನು ಈ ನಿನ್ನೆ ಮೊನ್ನೆಯ ಹುಡುಗಿ ತೆಗೆಯುವುದೇ? ಸ್ಮಾಲ್ ಕೊಡು ಎಂದಳು. ಮಲಗಿಸಿ, ಗಾಳಿ ಬಿಟ್ಟು ನೋಡೋಣ ಎಂದು ಹುಡುಗಿ ಹೇಳಿದರೂ ಕೇಳಲಿಲ್ಲ. ಕೂತಲ್ಲೇ ಕನ್ನಡಿ ನೋಡಿಕೊಂಡು, ಚೆನ್ನಾಗಿ ಕೂರ್ತಿದೆ ಎಂದು ಎದ್ದುಬಿಟ್ಟಳು.

ಇದರಲ್ಲಿ ಒಂದು ತಮಾಷೆಯಿತ್ತು. ಟೈಲರಮ್ಮನ ಅಂಗಡಿಯಲ್ಲಿ ಇದುವರೆಗೆ ಯಾರೂ ದಪ್ಪಗಾಗಿರಲಿಲ್ಲ. ಅವಳು ಟೇಪು ಸುತ್ತಿ, ಹೋದ ವರ್ಷದ ಅಳತೆನೇ ಇದೆ ನೋಡಿ ಎಂದು ಬಾಯಲ್ಲಿ ಹೇಳಿ, ಪುಸ್ತಕದಲ್ಲಿ ನಿಜವನ್ನು ಬರೆದು, ಒಳಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದಳು. ರೆಡಿಮೇಡ್ ಉಡುಪು ಕೇಳಿ ಬಂದವರಿಗೆ ಒಂದು ಸೈಜು ದೊಡ್ಡದು ಕೊಟ್ಟು, ಕೊರಳ ಹಿಂದಿನ ಚೀಟಿಯನ್ನು ಸದ್ದಿಲ್ಲದೆ ಕಿತ್ತುಹಾಕುತ್ತಿದ್ದಳು. ಹೆಂಗಸರು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ನಗುನಗುತ್ತಾ ಹೋಗುತ್ತಿದ್ದರು. ಆ ನಗುವಿಗಾಗಿ ಸುಳ್ಳು ಹೇಳುವುದು ಅವಳಿಗೆ ತಪ್ಪೆನಿಸಿರಲೇ ಇಲ್ಲ. ಆದರೆ ತಾನೂ ಅವರ ಸಾಲಿನಲ್ಲೇ ನಿಂತಿದ್ದೇನೆಂದು ಅವಳಿಗೆ ಹೊಳೆಯಲಿಲ್ಲ.

ಸ್ಮಾಲ್ ಮಾಸ್ಕು ಮೊದಲ ರಾತ್ರಿ ಮೂಗಿನ ಮೂಳೆಯನ್ನು ಹಿಂಡಿತು. ಎರಡನೆಯ ರಾತ್ರಿ ಗಾಳಿ ಕಣ್ಣಿಗೆ ನುಗ್ಗಿತು. ಸಡಿಲ ಮಾಡುವ ಬದಲು ಅವಳು ಪಟ್ಟಿಗೆ ಒಂದು ಟಕ್ಕು ಹಿಡಿದು ಹೊಲಿದು ಇನ್ನೂ ಬಿಗಿ ಮಾಡಿದಳು. ಬೆಳಿಗ್ಗೆ ಎರಡೂ ಕೆನ್ನೆಯ ಮೇಲೆ ಕೆಂಪು ಗೆರೆ ಬಿದ್ದಿತ್ತು. ಗುರುತು ಹಾಕಿ ಆಯ್ತು, ಇನ್ನು ಕತ್ತರಿಸೋದೊಂದೇ ಬಾಕಿ ಎಂದ ಗಂಡ. ಅವನಿಗೆ ಅಂದು ಕಾಫಿ ತಡವಾಗಿ ಸಿಕ್ಕಿತು.

ಮೂರನೆಯ ದಿನ ಮಾಸ್ಕನ್ನು ಕಿತ್ತೆಸೆದಳು. ಗಂಡ ಅದನ್ನೆತ್ತಿ, ಇದರಲ್ಲಿ ಅಂಥದ್ದೇನಿದೆ ಎಂದು ತನ್ನ ಮೂಗು, ಮೀಸೆಯ ಮೇಲೆ ಹಿಡಿದುಕೊಂಡ. ಮೆಶೀನು ಗುಂಯ್ ಎಂದು ಲೆಕ್ಕ ಶುರು ಮಾಡಿತು. ಉಸಿರು ಯಾರದೆಂದು ಅದು ಕೇಳಲೇ ಇಲ್ಲ. ಟೈಲರಮ್ಮನ ಕಣ್ಣು ಮಿನುಗಿತು.

"ರೀ, ಉಳಿದ ಎಂಟು ರಾತ್ರಿ ಇದನ್ನ ನೀವೇ ಹಾಕ್ಕೊಳ್ಳಿ."

"ರೋಗ ನಿಂದು ಕಣೇ, ನಂಗ್ಯಾಕೆ?"

"ಮೂವತ್ತು ವರ್ಷ ಗೊರಕೆ ನಿಮ್ಮದಾಗಿತ್ತಲ್ಲ, ಇನ್ನೆಂಟು ರಾತ್ರಿ ಆಗ್ಲಿ."

ಅಂದು ರಾತ್ರಿ ಅವನೇ ಹಾಕಿಕೊಂಡು ಮಲಗಿದ. ಮಾಸ್ಕು ಅವನಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಗಂಡನ ಮೂಗು ತನ್ನದಕ್ಕಿಂತ ಚಿಕ್ಕದೆಂದು ಅವಳಿಗೆ ಅಂದೇ ತಿಳಿದದ್ದು. ಆ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ.

ಹನ್ನೊಂದನೆಯ ದಿನ ಸೊಸೆಯೇ ಅತ್ತೆಯನ್ನೂ ಮೆಶೀನನ್ನೂ ಮಾಸ್ಕಿನ ಅಂಗಡಿಗೆ ಕರೆದುಕೊಂಡು ಹೋದಳು. ಹುಡುಗಿ ಲೆಕ್ಕವನ್ನು ಕಂಪ್ಯೂಟರಿನಲ್ಲಿ ತೆರೆದು ಹುಬ್ಬೇರಿಸಿದಳು. ರಾತ್ರಿಗೆ ಏಳು ಗಂಟೆ. ಉಸಿರು ನಿಲ್ಲುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟೈಲರಮ್ಮ ಗೆದ್ದವಳ ಹಾಗೆ ಕುರ್ಚಿಗೆ ಒರಗಿದಳು. ಕುರ್ಚಿ ಮೆತ್ತಗಿತ್ತು, ಫ್ಯಾನು ತಣ್ಣಗೆ ಬೀಸುತ್ತಿತ್ತು, ಹುಡುಗಿಯ ಮಾತು ದೂರದೂರ ಸರಿಯಿತು.

ಎಚ್ಚರವಾದದ್ದು ತನ್ನದೇ ಗೊರಕೆಗೆ. ಹುಡುಗಿಯೂ ಸೊಸೆಯೂ ಮಾತು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ಆಂಟಿ, ಗಾಳಿ ಮಾತ್ರ ತುಂಬಾ ಸೋರಿದೆ," ಎಂದಳು ಹುಡುಗಿ ನಿಧಾನವಾಗಿ. "ಹೀಗೆ ಸೋರೋದು ಮೀಸೆ ಇದ್ದೋರಿಗೆ."

ಟೈಲರಮ್ಮ ತನಗರಿವಿಲ್ಲದೆ ಮೇಲ್ದುಟಿ ಮುಟ್ಟಿಕೊಂಡಳು. ಸೊಸೆ ನಗಲಿಲ್ಲ.

"ಕತ್ತರಿ ನಂಗೆ ಬೇಕು ಅಂತ ಇಟ್ಕೊಂಡಿದ್ದೀನಿ ಅನ್ಕೊಂಡ್ರಾ ಅತ್ತೆ? ನೆಟ್ಟಗೆ ಒಂದು ಗೆರೆ ಕತ್ತರಿಸೋಕೆ ನಂಗೆ ಬರಲ್ಲ. ನಿಮ್ಮ ಬೆರಳು ಹೋದ್ರೆ ಅಂಗಡಿನೇ ಹೋಯ್ತು. ರಾತ್ರಿ ಉಸಿರು ನಿಂತ್ರೆ..." ಅವಳು ಕೈಚೀಲದ ಜಿಪ್ಪನ್ನು ತೆರೆದು ಮುಚ್ಚಿದಳು.

ಟೈಲರಮ್ಮ, ಎಲ್ಲಿ ಮಲಗಲಿ ಎಂದು ಕೇಳಿದಳು.

ಪರದೆಯ ಹಿಂದೆ ಒಂದು ಮಂಚವಿತ್ತು. ಕೂತಾಗಿನ ಮುಖವೇ ಬೇರೆ, ಮಲಗಿದಾಗಿನ ಮುಖವೇ ಬೇರೆ ಎಂದಳು ಹುಡುಗಿ. ಟೈಲರಮ್ಮನಿಗೆ ನಾಚಿಕೆಯಾಯಿತು. ಕೈ ಎತ್ತಿ ನೋಡಿ, ಕೂತು ನೋಡಿ, ಬಗ್ಗಿ ನೋಡಿ, ಆಮೇಲೆ ಹೇಳಿ ಎಂದು ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುವವಳು ಅವಳು. ಹುಡುಗಿ ಬೆನ್ನು ತಿರುಗಿಸಿ ಡಬ್ಬಿಯಲ್ಲಿ ಏನೋ ಹುಡುಕಿದಳು. ಉಗುರಿನಿಂದ ಕೆರೆದ ಸಣ್ಣ ಸದ್ದು ಕೇಳಿಸಿತು.

"ಇದೂ ಸ್ಮಾಲೇ ಆಂಟಿ. ಹೊಸ ಮಾಡೆಲ್ಲು, ಸ್ವಲ್ಪ ಧಾರಾಳವಾಗಿ ಬರುತ್ತೆ."

ಟೈಲರಮ್ಮ ಮಾಸ್ಕಿನ ಅಂಚಿನ ಮೇಲೆ ಬೆರಳಾಡಿಸಿದಳು. ಒಂದು ಕಡೆ ಅಂಟಂಟಾಗಿತ್ತು. ಈಗಷ್ಟೇ ಚೀಟಿ ಕಿತ್ತ ಜಾಗವನ್ನು ಆ ಬೆರಳು ಕತ್ತಲಲ್ಲೂ ಗುರುತು ಹಿಡಿಯಬಲ್ಲದು. ಅವಳು ಹುಡುಗಿಯ ಮುಖ ನೋಡಿದಳು. ಹುಡುಗಿ ಗಾಳಿಯ ಕೊಳವೆಯನ್ನೇ ಬಹಳ ಗಮನವಿಟ್ಟು ನೋಡುತ್ತಿದ್ದಳು.

"ಹೌದೌದು, ಸ್ಮಾಲೇ," ಎಂದಳು ಟೈಲರಮ್ಮ.

ಪಟ್ಟಿ ಸಡಿಲವಾಗಿಯೇ ಇತ್ತು, ಆದರೂ ಗಾಳಿ ಸೋರಲಿಲ್ಲ. ಮಗ್ಗುಲಾಗಿ ನೋಡಿ ಎಂದಳು ಹುಡುಗಿ. ಮಗ್ಗುಲಾದವಳು ಮುಕ್ಕಾಲು ಗಂಟೆ ಏಳಲಿಲ್ಲ. ಸೊಸೆ ಕಾದು ಕೂತಳು. ಪರದೆಯ ಆಚೆಯಿಂದ ಒಂದು ಚೂರೂ ಸದ್ದಿಲ್ಲದಿದ್ದಾಗ ಹೆದರಿ ಎರಡು ಸಲ ಇಣುಕಿ ನೋಡಿ ಬಂದಳು.

ಮತ್ತೆ ಹತ್ತು ರಾತ್ರಿ ಕಳೆದವು, ಈ ಸಲ ಮೀಸೆಯಿಲ್ಲದ ರಾತ್ರಿಗಳು. ಗಂಡ ಎರಡು ದಿನ ಮೆಶೀನಿನ ಕಡೆಗೆ ಆಸೆಗಣ್ಣಿನಿಂದ ನೋಡಿ ಸುಮ್ಮನಾದ. ಹನ್ನೊಂದನೆಯ ಬೆಳಿಗ್ಗೆ ಸೊಸೆ ಕತ್ತರಿ ತಂದು ಮೇಜಿನ ಮೇಲಿಟ್ಟಳು. ಸಾಣೆ ಹಿಡಿಸಿದ್ದಳು.

ಅದೇ ವಾರ ಮಾಸ್ಕಿನ ಹುಡುಗಿ ಒಂದು ನೀಲಿ ಬಟ್ಟೆ ಹಿಡಿದು ಮೊದಲ ಸಲ ಅಂಗಡಿಗೆ ಬಂದಳು. ಇತ್ತೀಚೆಗೆ ಸ್ವಲ್ಪ ಊದಿಕೊಂಡಿದ್ದೀನಿ ಆಂಟಿ ಎಂದು ಮೊದಲೇ ಸಂಕೋಚಪಟ್ಟಳು. ಟೈಲರಮ್ಮ ಅವಳ ಸೊಂಟಕ್ಕೆ ಟೇಪು ಸುತ್ತಿ, ಪುಸ್ತಕ ತೆಗೆದು, ನಿಜವನ್ನು ಬರೆದುಕೊಂಡು, ಗಂಭೀರವಾಗಿ ತಲೆಯೆತ್ತಿದಳು.

"ಹೋದ ವರ್ಷದ ಅಳತೆನೇ ಇದೆ ನೋಡಮ್ಮ."